ಹಿಂದಿನ ಸೀಟಿನ ಕುಂಯ್

ಆತಂಕವನ್ನೇ ಹವ್ಯಾಸ ಮಾಡಿಕೊಂಡವನ ಕಿವಿಗೆ ಲೋಕದಲ್ಲಿ ಸಣ್ಣ ಸದ್ದು ಎಂಬುದಿಲ್ಲ. ಫ್ಯಾನು ಟಿಕ್ ಎಂದರೆ ತಲೆಯ ಮೇಲೆ ಬಿದ್ದೀತೆಂದು ಮಂಚ ಸರಿಸುವವನು ನಾನು. ಅಂಥವನ ಮೋಟರ್‌ಸೈಕಲ್ಲಿನ ಹಿಂಭಾಗ ಗುಂಡಿ ಸಿಕ್ಕಾಗಲೆಲ್ಲ 'ಕುಂಯ್' ಎಂದು ನಾಯಿಮರಿಯಂತೆ ಮುಲುಗತೊಡಗಿದರೆ ಗತಿಯೇನು, ನೀವೇ ಹೇಳಿ. ನಮ್ಮ ಚಳ್ಳಕೆರೆಯಲ್ಲಿ ಯಾವುದಕ್ಕೆ ಬರವಿದ್ದರೂ ಗುಂಡಿಗೆ ಬರವಿಲ್ಲವಾದ್ದರಿಂದ ಆ ಮರಿಗೆ ಬಿಡುವೇ ಇರಲಿಲ್ಲ.

ಈ ಗಾಡಿ ನಮ್ಮ ಮದುವೆಯ ವರ್ಷ ಕೊಂಡದ್ದು. ಹೆಂಡತಿ ಗಿರಿಜಳ ತವರು ಮೊಳಕಾಲ್ಮೂರು. ಆಗೆಲ್ಲ ತಿಂಗಳಿಗೆರಡು ಸಲವಾದರೂ ತಳಕು ದಾಟಿ, ಬಂಡೆಗುಡ್ಡಗಳು ಒಂದೊಂದಾಗಿ ಎದುರಾಗುವ ಆ ದಾರಿಯಲ್ಲಿ ಹೊರಡುತ್ತಿದ್ದೆವು. ಅವಳ ಬಲಗೈ ನನ್ನ ಹೆಗಲ ಮೇಲೆ, ಮಡಿಲಲ್ಲಿ ನಮ್ಮವ್ವ ಕಟ್ಟಿಕೊಟ್ಟ ರೊಟ್ಟಿಯ ಗಂಟು. ಜಟಿಂಗ ರಾಮೇಶ್ವರದ ಮೆಟ್ಟಿಲು ಹತ್ತಿ, ಮೇಲಿನ ಗಾಳಿಯಲ್ಲಿ ಕೂತು ಬಿಚ್ಚಿದರೆ ಶೇಂಗಾಪುಡಿ ಅರ್ಧ ನಮಗೆ, ಅರ್ಧ ಬೆಟ್ಟಕ್ಕೆ. ದಾರಿಯಲ್ಲಿ ಗುಂಡಿ ಬಂದಾಗ ಅವಳ ಬೆರಳುಗಳು ಹೆಗಲನ್ನು ಕೊಂಚ ಬಿಗಿಯುವುವು. ಆ ಕಾಲದಲ್ಲಿ ರಸ್ತೆಯ ಗುಂಡಿಗಳ ಬಗ್ಗೆ ನನ್ನ ತಕರಾರೇನೂ ಇರಲಿಲ್ಲ.

ಎರಡು ವರ್ಷದ ಹಿಂದೆ ಈ ಕುಂಯ್ ಶುರುವಾಯಿತು. ಬಸ್ ನಿಲ್ದಾಣದೆದುರು ಗಿರಿಜ ಹತ್ತಿ ಕೂತಾಗ ಗಾಡಿ ನೀಳವಾಗಿ ಮುಲುಗಿತು. ಪಕ್ಕದ ಬೀದಿಯ ಹೆಂಗಸೊಬ್ಬಳು, "ಏನೇ ಗಿರಿಜಾ, ಗಾಡಿ ಅಳ್ತೈತಲ್ಲೇ!" ಎಂದು ನಕ್ಕಳು. ಗಿರಿಜಳೂ ನಕ್ಕಳು. ಮುಂದಿನ ಸಲ ಮಾತ್ರ ಬಸ್ಸಿಗೆ ಹೊರಟಳು. "ಸದ್ದು ಹೋಗ್ಲಿ, ಆಮೇಲೆ ನೋಡಾಣ" ಎಂದಳಷ್ಟೆ. ಬಸ್ಸು ದಾರಿಯಲ್ಲಿ ಕೆಟ್ಟು ನಿಂತರೇನು ಗತಿಯೆಂದು ನಾನು ಖಾಲಿ ಸೀಟು ಹೊತ್ತು, ಮಂತ್ರಿಯ ಬೆಂಗಾವಲಿನಂತೆ ಬಸ್ಸಿನ ಬೆನ್ನಿಗೇ ಕುಂಯ್‌ಗುಡುತ್ತ ಹೋಗುತ್ತಿದ್ದೆ. ಮಂತ್ರಿ ಒಮ್ಮೆಯೂ ತಿರುಗಿ ನೋಡುತ್ತಿರಲಿಲ್ಲ. ಅದೇ ದಿನಗಳಲ್ಲಿ ಅವಳು ರಾತ್ರಿ ಮುದ್ದೆ ಉಣ್ಣುವುದನ್ನು ಬಿಟ್ಟಳು. ಸಕ್ಕರೆ ಕಾಯಿಲೆಯೇ ಇರಬೇಕೆಂದು ರಕ್ತ ಪರೀಕ್ಷೆಗೆ ಎಳೆದೊಯ್ದೆ. ಏನೂ ಇರಲಿಲ್ಲ. ಏನೂ ಇಲ್ಲವೆಂಬುದು ನನಗೆ ಇನ್ನೊಂದು ಚಿಂತೆ.

ಗಾಡಿಯ ಸದ್ದಿಗೆ ಔಷಧ ಹುಡುಕಲು ನಾನು ದೂರ ಹೋಗಲಿಲ್ಲ. ಎಣ್ಣೆ ಮಿಲ್ಲುಗಳ ಊರಿನವನು. ಅಪ್ಪ ಎಣ್ಣೆಯ ವ್ಯಾಪಾರಿ. ನಮ್ಮ ಮನೆಯಲ್ಲಿ ಬಾಗಿಲು ಕಿರ್ರೆಂದರೂ, ತೊಟ್ಟಿಲು ನರಳಿದರೂ, ಅಜ್ಜಿಯ ಮೊಣಕಾಲು ಕಟಕಟವೆಂದರೂ ಚಿಕಿತ್ಸೆ ಒಂದೇ: ಕಡಲೆಕಾಯಿ ಎಣ್ಣೆ. ಅಪ್ಪ ಬಟ್ಟೆಯ ಬತ್ತಿ ಅದ್ದಿ, ಬಾಗಿಲ ತಿರುಗಣೆಗೆ ತೊಟ್ಟು ತೊಟ್ಟಾಗಿ, ಕೂಸಿನ ನೆತ್ತಿಗೆ ಬಿಡುವಷ್ಟು ನಾಜೂಕಾಗಿ ಬಿಡುತ್ತಿದ್ದುದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಆ ಪರಂಪರೆಯ ವಾರಸುದಾರನಾಗಿ ನಾನು ಪ್ರತಿ ಭಾನುವಾರ, ನನ್ನ ಸ್ನಾನಕ್ಕೆ ಮುಂಚೆ, ಗಾಡಿಯ ಹಿಂದಿನ ಶಾಕ್ ಅಬ್ಸಾರ್ಬರುಗಳೆರಡಕ್ಕೂ ಅಭ್ಯಂಜನ ಮಾಡಿಸಿದೆ. ಸದ್ದು ಎರಡು ದಿನ ಸುಮ್ಮನಿದ್ದು ಮೂರನೆಯ ದಿನ ಇಮ್ಮಡಿಯಾಗುವುದು. ಎಣ್ಣೆ ಸಾಲದೆಂದು ನಾನು ಇನ್ನಷ್ಟು ಬಿಡುವುದು.

ಕಡೆಗೆ ಗಿರಿಜ, "ಮಾರಿಬಿಡ್ರಿ ಅತ್ಲಾಗೆ" ಎಂದಳು. ಮಾರಿದರೆ ಹೋಗುವುದು ಗಾಡಿಯಷ್ಟೇ ಅಲ್ಲ, ಹೆಗಲ ಮೇಲಿನ ಕೈಯೂ ಹೋಗುತ್ತದೆ ಎನ್ನಲು ಈ ವಯಸ್ಸಿನಲ್ಲಿ ನನಗೆ ಬಾಯಿ ಬರಲಿಲ್ಲ. ಒಂದೇ ಒಂದು ಸಲ ತೋರಿಸುತ್ತೇನೆಂದು ಬೇಡಿ, ಕಳೆದ ವಾರ ಮೊಳಕಾಲ್ಮೂರಿನಲ್ಲಿ ಅವಳ ತವರಿನ ಬೀದಿಯ ಮೆಕ್ಯಾನಿಕ್ ತಿಪ್ಪೇಸ್ವಾಮಿಯ ಮುಂದೆ ಗಾಡಿ ನಿಲ್ಲಿಸಿದೆ. ಅವನು ಮೊದಲು ರೇಷ್ಮೆ ಸೀರೆ ನೇಯುತ್ತಿದ್ದವನು. ಮಗ್ಗದ ಸದ್ದಿನಲ್ಲೇ ಅದರ ಯಾವ ಭಾಗ ಸಡಿಲವಾಗಿದೆಯೆಂದು ಹೇಳುತ್ತಿದ್ದನಂತೆ. ನನ್ನನ್ನು ಸೀಟಿನ ಮೇಲೆ ಕುಣಿಸಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಶಾಕಿನ ಬುಡಕ್ಕೂ ಹಿಡಿಯನ್ನು ತನ್ನ ಕಿವಿಗೂ ಒತ್ತಿ, ಎದೆಬಡಿತ ಕೇಳುವ ಡಾಕ್ಟರರಂತೆ ಕಣ್ಣು ಮುಚ್ಚಿದ. ಆಮೇಲೆ ಅಲ್ಲಿ ಬೆರಳು ಸವರಿ ಮೂಸಿದ.

"ಏನ್ ಭಾವಾ ಇದು, ಗಾಡಿನಾ, ಮಂಡಕ್ಕಿ ಒಗ್ಗರಣೆನಾ?"

ಭಾನುವಾರಗಳ ಅಭ್ಯಂಜನವನ್ನು ಒಪ್ಪಿಕೊಂಡೆ.

"ಮೊದ್ಲು ಬರೀ ಧೂಳು ಕೂತಿತ್ತು, ತೊಳೆದಿದ್ರೆ ಹೋಗ್ತಿತ್ತು. ನಿಮ್ಮ ಎಣ್ಣೆಗೆ ಧೂಳು ಕೂಡಿ ಗೋಂದಾಗೈತೆ. ಶಾಕಿನ ಬುಡದಾಗಿರೋ ರಬ್ಬರ್ ಬಳೆ, ಬುಷ್ಷು, ಉಬ್ಬಿ ಹರಿದೈತೆ."

ಅಷ್ಟರಲ್ಲಿ, ಬಸ್ಸಿಗೆ ತವರಿಗೆ ಬಂದಿದ್ದ ಗಿರಿಜ ಅಲ್ಲಿಗೆ ಬಂದು ನಿಂತಿದ್ದಳು. "ಲೇ ತಿಪ್ಪೇಸ್ವಾಮಿ, ನಿಜ ಹೇಳು. ನನ್ನ ತೂಕಕ್ಕಲ್ವಾ?"

"ಯಾವ ತೂಕ ಅಕ್ಕಾ? ಭಾವ ಒಬ್ರೇ ಕುಣಿದಾಗ್ಲೂ ಕೂಗ್ತಲ್ಲ! ಎಲ್ಲಾ ಎಣ್ಣೆ ಮಹಿಮೆ."

ಗಿರಿಜ ನನ್ನತ್ತ ತಿರುಗಿದಳು. "ಎರಡು ವರ್ಷದಿಂದ ರಾತ್ರಿ ಮುದ್ದೆ ಬಿಟ್ಟಿದೀನಲ್ರೀ!"

ಸಕಲ ಸದ್ದುಗಳಿಗೂ ಕಿವಿ ನಿಮಿರಿಸಿ ಕೂತಿದ್ದವನಿಗೆ ಎದುರಿನ ತಟ್ಟೆಯ ಮೌನ ಕೇಳಿಸಿರಲಿಲ್ಲ.

ತಿಪ್ಪೇಸ್ವಾಮಿ ಎಣ್ಣೆಯನ್ನೆಲ್ಲ ತಿಕ್ಕಿ ತೊಳೆದು ಹೊಸ ಬುಷ್ ಹಾಕಿದ. ಸಂಜೆ ಹೊರಟೆವು. ಗಿರಿಜ ಸೀಟಿನ ಹಿಂದಿನ ಕಂಬಿ ಹಿಡಿದು ಕೂತಿದ್ದಳು. ಬಿ.ಜಿ.ಕೆರೆ ದಾಟಿದರೂ, ದೊಡ್ಡದೊಂದು ಗುಂಡಿಗೆ ಇಳಿದೆದ್ದರೂ ಗಾಡಿ ತುಟಿಪಿಟಕ್ಕೆನ್ನಲಿಲ್ಲ. ನನಗೋ ಗಾಬರಿ: ಹಿಂದೆ ಇದ್ದಾಳೋ, ಗುಂಡಿಯಲ್ಲೇ ಉಳಿದಳೋ?

"ಗಿರಿಜಾ, ಕೂತಿದೀಯೇನೇ?"

ಮಾತಿಗಿಂತ ಮೊದಲು ಬಲಗೈ ಬಂದು ಹೆಗಲ ಮೇಲೆ ಕೂತಿತು. "ಕೂತಿದೀನಿ, ರಸ್ತೆ ನೋಡ್ರಿ. ರಾತ್ರಿಗೆ ಮುದ್ದೆ ಮಾಡ್ತೀನಿ. ನನಗೆ ಎರಡು."

ಮುಂದೆ ಇನ್ನೊಂದು ಗುಂಡಿ ಕಾಣಿಸಿತು. ತಪ್ಪಿಸಬಹುದಿತ್ತು. ತಪ್ಪಿಸಲಿಲ್ಲ.