ಹನ್ನೊಂದು ಗಂಟೆಯ ಸಹಿ

ನನ್ನ ಮೇಲೆ ಇಲಾಖಾ ವಿಚಾರಣೆ ನಡೆದಿದೆ, ಶಿಕ್ಷೆಯೂ ಆಗಿದೆ. ನೆಂಟರ ಮುಂದೆ ಈ ಮಾತು ಎತ್ತಬೇಡ ಎಂದು ಅಮ್ಮ ಈಗಲೂ ಗೋಗರೆಯುತ್ತಾಳೆ. ನಾನು ಎತ್ತುತ್ತೇನೆ. ಬೇರೆಯವರು ಗುಸುಗುಸು ಮಾಡುವುದಕ್ಕಿಂತ ನಾನೇ ಹೇಳುವುದು ವಾಸಿ.

ಮೈಸೂರಿನ ಹಳೇ ಮೊಹಲ್ಲಾ ಒಂದರಲ್ಲಿ ನಾನು ಬೀಟ್ ಪೊಲೀಸ್ ಆಗಿದ್ದೆ. ಸಗಟು ಅಂಗಡಿಗಳು, ಲಾರಿಗಳು, ಮೆಣಸಿನಕಾಯಿ ಮೂಟೆಗಳ ಘಾಟು. ಗಸ್ತು ತಿರುಗುವ ದಾರಿಯಲ್ಲಿ ಅಲ್ಲಲ್ಲಿ ಗೋಡೆಗೆ ತಗಡಿನ ಡಬ್ಬಿ ಹೊಡೆದಿರುತ್ತಾರೆ, ಒಳಗೆ ಒಂದು ಪುಸ್ತಕ. ನಾವು ದಿನಕ್ಕೆ ನಾಲ್ಕು ಸಲ ಬಂದು, ಬಂದ ಗಂಟೆ ಬರೆದು ಸಹಿ ಹಾಕಬೇಕು. ಅದು ನಿಯಮ. ನಡೆಯುತ್ತಿದ್ದುದು ಬೇರೆ. ಸೇರಿದ ಮೊದಲ ವಾರವೇ ನಮ್ಮ ದಫೇದಾರರು ಜೊತೆಗೆ ಕರೆದುಕೊಂಡು ಹೋಗಿ, ಬೆಳಿಗ್ಗೆ ಎಂಟಕ್ಕೇ ನಾಲ್ಕೂ ಹೊತ್ತಿನ ಗಂಟೆ ಬರೆದು ಸಹಿ ಗೀಚಿ ತೋರಿಸಿದ್ದರು. "ಮುಗೀತು ಕಣಮ್ಮ, ಬಾ ಕಾಫಿ ಕುಡಿಯೋಣ" ಅಂದಿದ್ದರು. ಅವರನ್ನು ಬೈದು ಪ್ರಯೋಜನವಿಲ್ಲ. ದಿನವಿಡೀ ಎಲ್ಲೆಲ್ಲಿಗೋ ಅಟ್ಟುತ್ತಾರೆ, ತಿರುಗಿ ಬಂದು ಸಹಿ ಹಾಕಲು ಪುರುಸೊತ್ತೆಲ್ಲಿ? ನಾನೂ ಕಲಿತೆ. ಸುಲಭವಾಗಿತ್ತು, ಅದಕ್ಕೇ ಕಲಿತೆ.

ಒಂದು ಡಬ್ಬಿಯ ಕೆಳಗೆ ಹೂ ಮಾರುವ ಅಜ್ಜಿ ಕೂರುತ್ತಿದ್ದಳು. ಓದು ಬರಹ ಬಾರದು, ಆದರೆ ಕಣ್ಣು ಬಲು ಚುರುಕು. ನನ್ನ ಪೆನ್ನು ನಾಲ್ಕು ಸಲ ಆಡುವುದನ್ನು ನೋಡಿ, "ಏನವ್ವ, ಸಂಜೆದೂ ಈಗ್ಲೇ ಬರ್ದ್ಬುಟ್ಟಾ?" ಎಂದು ಕಿಚಾಯಿಸುವಳು. "ಸುಮ್ನೆ ಹೂ ಕಟ್ಟಜ್ಜಿ" ಎಂದು ನಾನು ಗದರುವೆ. "ಆ ಟೋಪಿ ಒಂದಿಲ್ದಿದ್ರೆ ನಿಂಗೊಂದು ಮೊಳ ಮುಡಿಸ್ತಿದ್ದೆ" ಎನ್ನುವಳು. ಇಬ್ಬರೂ ನಗುತ್ತಿದ್ದೆವು.

ದಸರಾ ಹತ್ತಿರವಿತ್ತು. ಅಂದೂ ಎಂಟಕ್ಕೆ ನಾಲ್ಕು ಸಹಿ ಹಾಕಿ ಹೊರಟೆ. ಒಂಬತ್ತಕ್ಕೆ ಇನ್‌ಸ್ಪೆಕ್ಟರ್ ಸಾಹೇಬರ ಫೋನ್ ಬಂತು. ಬನ್ನಿಮಂಟಪದಲ್ಲಿ ತಾಲೀಮು ನೋಡಲು ಯಾರೋ ದೊಡ್ಡವರು ಬರುತ್ತಾರೆ, ಹೋಗಿ ನಿಂತುಕೊ ಎಂದರು. ಬಾಯಿಮಾತಿನ ಅಪ್ಪಣೆ, ಠಾಣೆಯ ಯಾವ ಪುಸ್ತಕಕ್ಕೂ ಏರಲಿಲ್ಲ. ಮಧ್ಯಾಹ್ನದವರೆಗೆ ಬಿಸಿಲಲ್ಲಿ ಬೆಂದೆ. ದೊಡ್ಡವರು ಬರಲೇ ಇಲ್ಲ.

ಅತ್ತ ಹನ್ನೊಂದು ಗಂಟೆಗೆ, ಅಜ್ಜಿಯ ಹಿಂದಿನ ಸಗಟು ಅಂಗಡಿಯ ಆಳುಗಳು, ಮೂಟೆ ಇಳಿಸಲು ಅಡ್ಡವೆಂದು ಅವಳ ಬುಟ್ಟಿಯನ್ನು ರಸ್ತೆಗೆಸೆದು, ಅವಳನ್ನೂ ತಳ್ಳಿದರು. ಮುಂಗೈ ಮುರಿಯಿತು. ಮರುದಿನ ಕೈಗೆ ಕಟ್ಟು ಹಾಕಿಸಿಕೊಂಡು ಠಾಣೆಗೆ ಬಂದಳು. ದೂರು ದಾಖಲಾಗದಿದ್ದರೆ ಅವಳು ಮತ್ತೆ ಆ ಜಾಗದಲ್ಲಿ ಕೂರುವಂತಿರಲಿಲ್ಲ, ಅಂಗಡಿಯವನು ಬಿಡುತ್ತಿರಲಿಲ್ಲ.

ಅವನು ಆಗಲೇ ಬಂದು ಸಾಹೇಬರ ಎದುರು ಕುರ್ಚಿಯಲ್ಲಿ ಕೂತಿದ್ದ. ಮುದುಕಿ ತಾನೇ ಕಾಲು ಜಾರಿ ಬಿದ್ದಳಂತೆ. ಸಾಹೇಬರು ಡಬ್ಬಿಯ ಪುಸ್ತಕ ತರಿಸಿ ಮೇಜಿನ ಮೇಲೆ ತೆರೆದಿಟ್ಟರು. "ನೋಡಮ್ಮ, ಹನ್ನೊಂದು ಗಂಟೆಗೆ ನಮ್ಮ ಪೊಲೀಸ್ ಅಲ್ಲೇ ಇದ್ದಾರೆ, ಸಹಿ ಇದೆ. ಗಲಾಟೆ ಆಗಿದ್ರೆ ಅವರಿಗೆ ಕಾಣ್ತಿರ್ಲಿಲ್ವ?" ನನ್ನನ್ನು ಬನ್ನಿಮಂಟಪಕ್ಕೆ ಕಳಿಸಿದವರು ಇವರೇ!

ಬಾಗಿಲ ಬಳಿ ನಿಂತಿದ್ದ ನನ್ನ ಕಡೆ ಅಜ್ಜಿ ನೋಡಿದಳು. ಇವಳು ಎಂಟಕ್ಕೇ ಎಲ್ಲ ಬರೆದಿಡುತ್ತಾಳೆ ಎಂದು ಅವಳು ಒಂದು ಮಾತು ಆಡಿದ್ದರೆ ಸಾಕಿತ್ತು. ದಿನಾ ಕಣ್ಣಾರೆ ಕಂಡವಳು. ತಲೆ ತಗ್ಗಿಸಿ, "ಇದ್ದಿರ್ಬೋದು ಬುಡಿ ಸ್ವಾಮಿ. ನಂಗೇ ಕಣ್ಣು ಮಂಜು" ಅಂದಳು.

ಮೈಯೆಲ್ಲ ಉರಿದುಹೋಯಿತು. ಸಾಹೇಬರ ಮೇಲೆ ಸಿಟ್ಟು, ಅಂಗಡಿಯವನ ಮೇಲೆ ಸಿಟ್ಟು, ಎಲ್ಲಕ್ಕಿಂತ ಹೆಚ್ಚು ನನ್ನ ಮೇಲೆ. ಕೈ ಮುರಿಸಿಕೊಂಡು ಬಂದವಳು ನನ್ನ ಕೆಲಸ ಉಳಿಸಲು ತನ್ನ ದೂರನ್ನೇ ನುಂಗುತ್ತಿದ್ದಳು. ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

ಮೇಜಿನ ಬಳಿ ಹೋಗಿ, ಪೆನ್ನು ತೆಗೆದು, ಹನ್ನೊಂದರ ಸಹಿಯ ಮೇಲೆ ಗೆರೆ ಎಳೆದೆ. ಪಕ್ಕದಲ್ಲಿ ಬರೆದೆ: 'ಈ ಹೊತ್ತಿಗೆ ನಾನು ಇಲ್ಲಿ ಇರಲಿಲ್ಲ. ಇನ್‌ಸ್ಪೆಕ್ಟರ್ ಹೇಳಿದ್ದರಿಂದ ಬನ್ನಿಮಂಟಪದಲ್ಲಿದ್ದೆ. ಸಹಿ ಬೆಳಿಗ್ಗೆ ಎಂಟಕ್ಕೇ ಹಾಕಿದ್ದು.' ಕೆಳಗೆ ಇನ್ನೊಮ್ಮೆ ಸಹಿ ಹಾಕಿದೆ.

"ತಲೆ ಕೆಟ್ಟಿದ್ಯೇನಮ್ಮ? ಇದಕ್ಕೆ ಸಸ್ಪೆಂಡ್ ಆಗ್ತೀಯ, ಗೊತ್ತಾ?"

"ಗೊತ್ತು ಸಾರ್. ಅಜ್ಜಿ ದೂರು ಬರ್ಕೊಳ್ಳಿ."

"ಆಚೆ ನಡಿ ಮೊದಲು."

"ಬರ್ಕೊಂಡ ಮೇಲೆ ಹೋಗ್ತೀನಿ ಸಾರ್."

ಬರೆದುಕೊಂಡರು. ಪುಸ್ತಕಕ್ಕೆ ಬಿದ್ದದ್ದನ್ನು ಅಳಿಸುವಂತಿರಲಿಲ್ಲ, ಅಂಗಡಿಯವನೂ ಕುರ್ಚಿ ಬಿಟ್ಟು ಎದ್ದಿದ್ದ. "ಎಲ್ರೂ ಮಾಡೋದೇ ಕಣಮ್ಮ, ನಮ್ಮನ್ನೂ ಬೀದಿಗೆ ಎಳ್ದ್ಬುಟ್ಟೆ" ಎಂದು ದಫೇದಾರರು ಒಂದು ತಿಂಗಳು ನನ್ನ ಜೊತೆ ಮಾತು ಬಿಟ್ಟರು.

ವಿಚಾರಣೆಯಲ್ಲಿ, ಪಶ್ಚಾತ್ತಾಪ ಇದೆಯೇ ಎಂದು ಕೇಳಿದರು. "ಸಹಿ ಹಾಕಿದ್ದಕ್ಕಿದೆ ಸಾರ್, ಅದರ ಮೇಲೆ ಗೆರೆ ಎಳೆದಿದ್ದಕ್ಕಿಲ್ಲ" ಅಂದೆ. ಬಡ್ತಿ ನಿಂತಿತು. ಊರಿನ ಇನ್ನೊಂದು ಮೂಲೆಗೆ ಎತ್ತಿಹಾಕಿದರು. ಹಾಕಲಿ, ಅಲ್ಲಿಯೂ ರಸ್ತೆಗಳಿವೆ, ನಡೆಯುತ್ತೇನೆ.

ಮೊನ್ನೆ ಆ ಹಳೇ ದಾರಿಯಲ್ಲಿ ಹೋದೆ. ಅಜ್ಜಿ ಅದೇ ಜಾಗದಲ್ಲಿ, ಸೊಟ್ಟಗೆ ಕೂಡಿಕೊಂಡ ಕೈಯಲ್ಲೇ ಕನಕಾಂಬರ ಕಟ್ಟುತ್ತಿದ್ದಳು. ತಲೆಯ ಮೇಲಿನ ಡಬ್ಬಿ ತೋರಿಸಿ, "ಹೊಸಬನೂ ಬೆಳಿಗ್ಗೇನೇ ನಾಕ್ ಸಲ ಬರೀತಾನೆ ಕಣವ್ವ" ಅಂದಳು.

"ಅವನಿಗೆ ನನ್ನ ಕತೆ ಹೇಳಜ್ಜಿ."

"ಏಳ್ತೀನಿ. ನಿನ್ನ ಎಸ್ರು ಬ್ಯಾಡ ಬುಡು, ನಿಂಗೇ ತೊಂದ್ರೆ."

"ಹೆಸರು ಹಿಡಿದೇ ಹೇಳು" ಅಂದೆ.