ಶರಣಮ್ಮನ ಹಿಂಡಿ ಡಬ್ಬಿ

ಮೊನ್ನೆ ಭಾನುವಾರ ಬೆಳಿಗ್ಗೆ ಸೇಡಂನ ನಮ್ಮ ಮನೆಯ ಬಾಗಿಲಲ್ಲಿ ಅಪರಿಚಿತ ಹೆಣ್ಣುಮಗಳೊಬ್ಬಳು ನಿಂತಿದ್ದಳು. ಕೈಯಲ್ಲೊಂದು ಸ್ಟೀಲ್ ಡಬ್ಬಿ. ಹೆಸರು ಕೇಳುವ ಮೊದಲೇ ಹುರಿದ ಅಗಸೆ, ಬೆಳ್ಳುಳ್ಳಿಯ ವಾಸನೆ ಬಂತು. ಆ ಹಿಂಡಿ, ಅಂದರೆ ಚಟ್ನಿಪುಡಿ, ವಾಡಿಯ ಶರಣಮ್ಮನದೇ.

"ಶರಣಮ್ಮಾಯಿ ಕಳಿಸ್ಯಾರ್ರಿ. ನಾ ನರ್ಸ್. ವಾಡಿಗಿ ಹೊಸದಾಗಿ ಬಂದೀನಿ, ಮನಿ ಹುಡಕಾಕತ್ತೀನ್ರಿ."

ಅಷ್ಟು ಸಾಕಾಯಿತು. ಅವಳಿಗೆ ನೀರು ಕೊಟ್ಟು ಕೂರಿಸಿದೆ. ನೀವೂ ತುಸು ಕೂರಿ. ಹನ್ನೊಂದು ವರ್ಷ ಹಿಂದಕ್ಕೆ ಹೋಗಿ ಬರೋಣ.

ಪತ್ರಿಕೆಯ ವರದಿಗಾರನಾಗಿ ನಾನು ವಾಡಿಗೆ ಬಂದ ಹೊಸತು. ಮೈಸೂರು ಕಡೆಯವನು. ಮಗಳಿಗೆ ಐದು ತಿಂಗಳು. ಅವಳನ್ನು ಎತ್ತಿಕೊಂಡದ್ದು ಎರಡೇ ಸಲ. ಮನೆ ಸಿಕ್ಕ ದಿನ ತಾಯಿ ಮಗಳು ರೈಲು ಹತ್ತುವುದೆಂದು ಮಾತಾಗಿತ್ತು. ಮನೆಯೇ ಸಿಗಲಿಲ್ಲ.

ಮೊದಲ ಮನೆಯವರು, "ಹಿಂದಿನ ಮನಿ ಮಾಲಕರ ನಂಬರ್ ಕೊಡ್ರಿ" ಎಂದರು. ಹಿಂದಿನ ಮಾಲಕ ನನ್ನಪ್ಪನೇ ಎಂದೆ. ಚೇಷ್ಟೆ ಅಂದುಕೊಂಡರೋ ಏನೋ, ಬಾಗಿಲು ಹಾಕಿದರು. ಎರಡನೆಯವರು, "ಇಲ್ಲಿ ನಿಮ್ಮವ್ರು ಯಾರದಾರ?" ಎಂದರು. ಯಾರೂ ಇರಲಿಲ್ಲ. ಮೂರನೆಯವರಿಗೆ ನಾನು ಪೇಪರಿನವನೆಂದು ತಿಳಿದ ಕೂಡಲೇ ಮನೆ ಬೇರೆಯವರಿಗೆ ಕೊಟ್ಟಾಗಿಹೋಯಿತು. ಊರನ್ನೆಲ್ಲ ವಿಚಾರಿಸಿ ಬರೆಯುವುದು ನನ್ನ ಕೆಲಸ. ನನ್ನನ್ನು ವಿಚಾರಿಸಲು ಊರಲ್ಲಿ ಒಬ್ಬರೂ ಇಲ್ಲ.

ನಾಲ್ಕನೆಯದು ಶರಣಮ್ಮನ ಮನೆ. ರೈಲ್ವೆಯಲ್ಲಿದ್ದ ಗಂಡ ತೀರಿದ ಮೇಲೆ ಹಿಂದಿನ ಎರಡು ಕೋಣೆ ಬಾಡಿಗೆಗೆ ಕೊಡುತ್ತಿದ್ದರು. ಪರ್ಶಿಕಲ್ಲಿನ ಅಂಗಳದಲ್ಲಿ ಕೂತ ಸಿಮೆಂಟ್ ಕಾರ್ಖಾನೆಯ ಧೂಳು ಗುಡಿಸುತ್ತಲೇ ಕೇಳಿದರು.

"ನಿಮ್ಮ ಬಗ್ಗೆ ಹೇಳವ್ರು ಯಾರೂ ಇಲ್ಲಾ?"

"ಇಲ್ಲಮ್ಮ."

"ನನ್ನ ಬಗ್ಗೆ ಹೇಳವ್ರು ಅದಾರ. ಮೊದಲ ಇಲ್ಲಿದ್ದ ಮಾಸ್ತರ ಈಗ ಶಹಾಬಾದಿನ್ಯಾಗ ಇರ್ತಾರ. ಈ ಡಬ್ಬಿ ಅವರಿಗಿ ಕೊಟ್ಟು, ನಾ ಎಂಥಾಕಿ ಅಂತ ಕೇಳಿ ಬರ್ರಿ."

ಹೋದೆ. ಮಾಸ್ತರು ಡಬ್ಬಿ ತೆರೆದು ಒಂದು ಚಿಟಿಕೆ ಹಿಂಡಿ ಬಾಯಿಗಿಟ್ಟುಕೊಂಡರು. "ಆಕಿ ಬಾಯಿ ಭಾಳ ಜೋರು ನೋಡ್ರಿ. ಅಂಗಳದಾಗ ನೀರು ಚೆಲ್ಲಿದ್ರ ಓಣಿಗೆಲ್ಲ ಕೇಳ್ಸಂಗ ಬೈತಾಳ. ಉಪ್ಪಿನಕಾಯಿಗಿ ಉಪ್ಪು ಹೆಚ್ಚು. ಹೇಳಿದ್ರ ಸಿಟ್ಟು."

ಒಳಗಿನಿಂದ ಅವರ ಹೆಂಡತಿ, "ಅದೊಂದೇ ಹೇಳ್ರಿ ನೀವು. ನನಗ ಟೈಫಾಯ್ಡ್ ಆದಾಗ ದಿನಾ ಗಂಜಿ ಕುಡಿಸಿದಾಕಿ ಯಾರು?" ಎಂದರು. ಖಾಲಿ ಡಬ್ಬಿ ಕಳಿಸಬಾರದೆಂದು ಶೇಂಗಾ ಹೋಳಿಗೆ ತುಂಬಿದರು. ನಾನು ಚಾಳಿಯಂತೆ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ವಾಪಸು ಬಂದಾಗಲೂ ಶರಣಮ್ಮ ಧೂಳು ಗುಡಿಸುತ್ತಿದ್ದರು. ಮಾಸ್ತರು ಹೇಳಿದ ಕ್ರಮದಲ್ಲೇ ಓದಿದೆ. ಎಂಥ ಪೆದ್ದ ನೋಡಿ, ಗಂಜಿಯನ್ನಾದರೂ ಮೊದಲಿಡಬಹುದಿತ್ತು.

"ಉಪ್ಪು ಹೆಚ್ಚು ಅಂದ್ರಾ?"

"ಅಂದರು."

ಕಸಬರಿಗೆ ನಿಂತಿತು. ಮಗಳ ರೈಲು ತಪ್ಪಿತು ಅಂದುಕೊಂಡೆ. ಗಂಜಿಯ ಸಾಲನ್ನು ಸಣ್ಣ ದನಿಯಲ್ಲಿ ಓದಿ ಮುಗಿಸಿದೆ.

"ನಿಮಗಿಂತ ಮೊದಲ ಬಂದವಗೂ ಹಿಂಗ ಕಳಿಸಿದ್ದೆ. ‘ನಿಮ್ಮಂಥವ್ರು ಊರಾಗ ಇಲ್ಲಂತ್ರಿ’ ಅಂದ. ಮಾಸ್ತರ ಬಾಯಾಗ ಅಂಥಾ ಮಾತು ಬರಂಗಿಲ್ಲ. ನೀವು ಇದ್ದದ್ದು ಹೇಳೀರಿ. ನಾಳಿಗಿ ನಲ್ಲಿ ಮುರದ್ರ ಅದನ್ನೂ ಹೇಳ್ತೀರಿ. ಕೂಸಿಗಿ ಕರಕೊಂಡು ಬರ್ರಿ."

ಆರು ವರ್ಷ ಇದ್ದೆವು. ಮಗಳು ನಡಿಗೆ ಕಲಿತದ್ದು ಆ ಪರ್ಶಿಯ ಮೇಲೆ. ಅವಳು ನೀರು ಚೆಲ್ಲುತ್ತಿದ್ದಳು, ನಾನು ಬೈಸಿಕೊಳ್ಳುತ್ತಿದ್ದೆ.

ನರ್ಸ್ ಲೋಟ ಕೆಳಗಿಟ್ಟು ಕೇಳಿದಳು. "ಆ ಆಯಿ ಹೆಂಗ ಅದಾರ್ರಿ?"

ಹೊಗಳಿಕೆ ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡೆ. ಅಂದು ಮಾಸ್ತರು ಬೈಗುಳದಿಂದಲೇ ಶುರುಮಾಡಿದ್ದು ಯಾಕೆಂದು ಆಗ ಹೊಳೆಯಿತು.

"ಬಾಯಿ ಬಹಳ ಜೋರು" ಎಂದೆ. "ಉಪ್ಪಿನಕಾಯಿಗೆ ಈಗಲೂ ಉಪ್ಪು ಹೆಚ್ಚು."

ಮಗಳು ಡಬ್ಬಿಗೆ ಚಕ್ಕುಲಿ ತುಂಬಿ ಕೊಟ್ಟಳು. ಗೇಟಿನ ಬಳಿ ನರ್ಸ್ ತಿರುಗಿ ನಿಂತಳು. "ಉಪ್ಪಿಂದೂ ಹೇಳಬೇಕೇನ್ರಿ?"

ನಾನು ನಕ್ಕು ಗೇಟು ತೆಗೆದೆ.

ಸಂಜೆ ಫೋನ್ ಬಂತು. "ಏ ತಮ್ಮಾ, ಆರು ವರ್ಷ ನೆಕ್ಕೊಂಡು ತಿಂದು ಈಗ ಉಪ್ಪು ಹೆಚ್ಚು ಅಂತಿಯೇನು?" ಎಂದು ಶರಣಮ್ಮ ಓಣಿಗೆಲ್ಲ ಕೇಳುವಂತೆ ಬೈಯತೊಡಗಿದರು.

ಆ ಹುಡುಗಿಗೆ ಮನೆ ಸಿಕ್ಕಿತ್ತು.