ಲೆನ್ಸ್ ಪೆಟ್ಟಿಗೆಯ ಗೂಡುಗಳು

ಆ ಭಾನುವಾರ ಬೆಳಿಗ್ಗೆ ನನ್ನ ಹೆಂಡತಿ ಚಹಾದ ಲೋಟ ಹಿಡಿದುಕೊಂಡು ನನ್ನ ಮರದ ಕೆಲಸದ ಶೆಡ್ಡಿಗೆ ಬಂದು, ಲೆನ್ಸ್ ಪೆಟ್ಟಿಗೆಗೆ ಆರು ಗೂಡು ಮಾಡಬೇಕು ಎಂದಳು. ನಾನು ಐದು ಗೂಡಿನ ಲೆಕ್ಕದಲ್ಲಿ ಹಲಗೆ ಕೊಯ್ದು, ಕೀಸುಳಿ ಹಾಕಿ, ಒಂದರ ಮೇಲೊಂದು ಜೋಡಿಸಿ ಇಟ್ಟಿದ್ದೆ. ಅದಕ್ಕೂ ಮೊದಲು ನಾಲ್ಕರ ಲೆಕ್ಕದಲ್ಲಿ ಕೊಯ್ದದ್ದು ಮೂಲೆಯಲ್ಲಿ ಬಿದ್ದಿತ್ತು. ಮೂರರ ಲೆಕ್ಕದ್ದು ಅಡುಗೆಮನೆಯಲ್ಲಿ ಬಿಸಿ ಪಾತ್ರೆ ಇಡುವ ಮಣೆಯಾಗಿತ್ತು.

ಆರನೆಯ ಲೆನ್ಸ್ ಯಾವುದು ಎಂದು ಕೇಳಿದೆ. ಇನ್ನೂ ತೆಗೆದುಕೊಂಡಿಲ್ಲ, ಗೂಡು ಇದ್ದರೆ ಮುಂದೆ ನೋಡಬಹುದು ಎಂದಳು.

"ಮಾರಾಯ್ತಿ, ಮನುಷ್ಯರಿಗೆ ಇರುವುದು ಎರಡು ಕಣ್ಣು," ಎಂದೆ.

ಅವಳು ಗೋಡೆಯ ಕಡೆ ತಿರುಗಿದಳು. ಅಲ್ಲಿ ನನ್ನ ಉಳಿಗಳನ್ನು ಸಾಲಾಗಿ ಸಿಕ್ಕಿಸಿಟ್ಟಿದ್ದೆ. ಅಗಲದ್ದು, ಸಪೂರದ್ದು, ಬಾಗಿದ್ದು, ಅಪ್ಪನ ಕಾಲದ್ದು.

"ಅಲ್ಲಿ ಇಪ್ಪತ್ತೆರಡು ಉಂಟು, ನಾನು ಎಣಿಸಿದ್ದೇನೆ. ನಿಮಗೆ ಕೈ ಎಷ್ಟು ಮಾರಾಯ್ರೆ?"

ನಾನು ಚಹಾ ಕುಡಿದೆ.

ಅವಳು ಸರಕಾರಿ ಆರೋಗ್ಯ ಕೇಂದ್ರವೊಂದರಲ್ಲಿ ಲ್ಯಾಬ್ ಟೆಕ್ನೀಷಿಯನ್ ಆಗಿದ್ದಳು. ಜ್ವರ ಬಂದವರ ರಕ್ತವನ್ನು ಗಾಜಿನ ಮೇಲೆ ಬಳಿದು, ಮೈಕ್ರೋಸ್ಕೋಪಿನಲ್ಲಿ ನೋಡಿ ಚೀಟಿ ಬರೆಯುವ ಕೆಲಸ. ನಾನು ಕನ್ನಡ ಮೀಡಿಯಮ್ಮಿನಲ್ಲಿ ಹತ್ತನೆಯವರೆಗೆ ಕಲಿತು ಅಪ್ಪನ ಜೊತೆ ಮರದ ಕೆಲಸಕ್ಕೆ ಇಳಿದವನು. ಕಾಸರಗೋಡಿನ ಹತ್ತಿರದ ನಮ್ಮ ಕಾರಡ್ಕದ ಸುತ್ತಮುತ್ತ ಹಲವು ಮನೆಗಳ ಬಾಗಿಲು, ಕಿಟಕಿ, ಮಂಚ ನನ್ನ ಕೈಯದ್ದು. ನಮಗೆ ಮಕ್ಕಳಿಲ್ಲ. ಅವಳಿಗೆ ಕ್ಯಾಮರಾದ ಹುಚ್ಚು ನಲವತ್ತು ದಾಟಿದ ಮೇಲೆ ಹಿಡಿಯಿತು. ಕ್ಯಾಮರಾದ ಜೊತೆಗೆ ಒಂದು ಲೆನ್ಸ್ ಬಂದಿತ್ತು. ಅದೇ ಸಾಕಲ್ಲ ಎಂದು ನಾನು ಆವತ್ತೇ ಹೇಳಿದೆ. ಅದಕ್ಕೆ ಅವಳು, ನನ್ನ ಲ್ಯಾಬಿನ ಮೈಕ್ರೋಸ್ಕೋಪಿನಲ್ಲಿ ತಿರುಗಿಸುವಂಥ ನಾಲ್ಕು ಲೆನ್ಸ್ ಉಂಟು, ನಾಲ್ಕು ಯಾಕೆ ಅಂತ ಸರಕಾರವೇ ನನ್ನ ಹತ್ತಿರ ಕೇಳಲಿಲ್ಲ ಎಂದಳು.

ಎರಡನೆಯದಾಗಿ ಬಂದದ್ದು ಹುಳಗಳ ಲೆನ್ಸ್. ಅದರ ಹೆಸರು ಮ್ಯಾಕ್ರೋ. ಇರುವೆಯ ಮೀಸೆಯ ಕೂದಲು ಕೂಡ ಅದರಲ್ಲಿ ಕಾಣುತ್ತದೆ. ಮೂರನೆಯದು ಹಕ್ಕಿಗಳಿಗೆಂದು ತಂದ ಉದ್ದದ್ದು. ಅದಕ್ಕೆ ನಾನು ಒನಕೆ ಎಂದು ಹೆಸರಿಟ್ಟೆ. ಒನಕೆಯಲ್ಲಿ ಅವಳಿಗೆ ಸಿಕ್ಕಿದ್ದು ಹೆಚ್ಚಿನಂಶ ಹಕ್ಕಿ ಹಾರಿಹೋದ ಮೇಲಿನ ಕೊಂಬೆಗಳು. ಆ ಕೊಂಬೆಗಳನ್ನು ನನಗೆ ತೋರಿಸಿ, ಇಲ್ಲಿ ಮಂಗಟ್ಟೆ ಕೂತಿತ್ತು ಎಂದು ಬೆರಳಿಟ್ಟು ಹೇಳುತ್ತಿದ್ದಳು. ನಾನು ನಂಬುತ್ತಿದ್ದೆ. ನಾಲ್ಕನೆಯದು ಅಗಲಕ್ಕೆ ನೋಡುವಂಥದ್ದು, ಅದರಲ್ಲಿ ತೆಗೆದರೆ ನಮ್ಮ ಅಂಗಳ ಶಾಲೆಯ ಮೈದಾನದ ಹಾಗೆ ಕಾಣುತ್ತಿತ್ತು. ಐದನೆಯದು ಯಾರೋ ಉಪಯೋಗಿಸಿ ಬಿಟ್ಟದ್ದು, ಮುಖಗಳಿಗೆ ಒಳ್ಳೆಯದಂತೆ. ಮೊದಲ ದಿನ ಅದರಲ್ಲಿ ನನ್ನ ಮುಖ ತೆಗೆದು ಬಹಳ ಹೊತ್ತು ನೋಡಿ, ಲೆನ್ಸ್ ಒಳ್ಳೆಯದೇ ಎಂದಳು.

ಪೆಟ್ಟಿಗೆಯ ಯೋಚನೆ ನನ್ನದು. ಇಷ್ಟು ಬೆಲೆಯ ಸಾಮಾನನ್ನು ಅವಳು ಹಪ್ಪಳದ ಡಬ್ಬದಲ್ಲಿ ಇಡುತ್ತಿದ್ದಳು. ನಮ್ಮ ಕಡೆ ಬೇಸಿಗೆಯಲ್ಲಿ ಮಾಡಿದ ಹಲಸಿನ ಹಪ್ಪಳ ಮಳೆಗಾಲದಲ್ಲಿ ಮೆತ್ತಗಾಗದಂತೆ ಗಾಳಿಯಾಡದ ದೊಡ್ಡ ಪ್ಲಾಸ್ಟಿಕ್ ಡಬ್ಬದಲ್ಲಿ ತುಂಬಿ ಬಿಗಿಯಾಗಿ ಮುಚ್ಚಿಡುತ್ತಾರೆ. ಅಂಥ ಎರಡು ಡಬ್ಬಗಳಲ್ಲಿ ಒಂದನ್ನು ಅವಳು ಲೆನ್ಸ್‌ಗಳಿಗೆ ಮಾಡಿಕೊಂಡಿದ್ದಳು. ಒಳಗೆ ಚಪ್ಪಲಿ ಅಂಗಡಿಯಿಂದ ಕೇಳಿ ತಂದ, ತೇವ ಹೀರುವ ಸಣ್ಣ ಸಣ್ಣ ಪೊಟ್ಟಣಗಳು. ಒಮ್ಮೆ ಹಪ್ಪಳ ಕಾಯಿಸುತ್ತೇನೆಂದು ಹೋದ ನಾನು ಒನಕೆಯನ್ನು ಹೊರಗೆ ತೆಗೆದೆ. ಆ ದಿನವೇ ತೀರ್ಮಾನ ಮಾಡಿದೆ. ಹಳೆಯ ಹಲಸಿನ ಮರದ ಹಲಗೆ ಇತ್ತು. ಒಂದೂ ಮೊಳೆ ಹೊಡೆಯದೆ, ಹಲ್ಲಿಗೆ ಹಲ್ಲು ಕೂರಿಸಿ, ಒಳಗೆ ನೀಲಿ ವೆಲ್ವೆಟ್ ಅಂಟಿಸಿ ಒಂದು ಪೆಟ್ಟಿಗೆ ಮಾಡಿಕೊಡುತ್ತೇನೆ ಎಂದೆ. ಅವಳು ನನ್ನ ಕೈಯ ಹಲಗೆಯನ್ನೂ ನನ್ನ ಮುಖವನ್ನೂ ನೋಡಿ, ಚಂದ ಆಗ್ತದೆ ಎಂದಳು.

ಆಗ ಲೆನ್ಸ್ ಮೂರಿದ್ದವು. ಮೂರು ಗೂಡು ಕೊಯ್ದೆ. ಕೂಡಿಸುವ ವಾರ ಅವಳು, ನಾಲ್ಕು ಮಾಡಿ ಎಂದಳು. ನಾಲ್ಕು ಕೊಯ್ದೆ. ಕೂಡಿಸುವ ಹೊತ್ತಿಗೆ ಐದು. ಹೀಗೆ ಎರಡು ವರ್ಷ ನಡೆಯಿತು. ಗಿರಾಕಿಗಳು ಹೀಗೆ ಮಾಡಿದ್ದರೆ ನಾನು ಆ ಮನೆಯ ಕೆಲಸ ಬಿಟ್ಟುಬಿಡುತ್ತಿದ್ದೆ. ಒಬ್ಬ ಸಾಮಾನ್ಯ ಮನುಷ್ಯನಿಗೆ ಮೂರಕ್ಕಿಂತ ಹೆಚ್ಚು ಲೆನ್ಸ್ ಯಾಕೆ ಬೇಕು ಎಂಬುದು ನಮ್ಮ ಮನೆಯ ಖಾಯಂ ಜಗಳವಾಯಿತು. ಮೂರು ಎಂಬುದು ನನ್ನ ಹಟ. ಹತ್ತಿರಕ್ಕೆ ಒಂದು, ದೂರಕ್ಕೆ ಒಂದು, ನಡುವಿನದಕ್ಕೆ ಒಂದು. ಅವಳ ಹಟಕ್ಕೆ ನಿರ್ದಿಷ್ಟ ಸಂಖ್ಯೆ ಇರಲಿಲ್ಲ.

ಆ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮುರಕಲ್ಲಿನ ಕಾಂಪೌಂಡ್ ಗೋಡೆಯಲ್ಲಿ ಒಂದು ಪತಂಗ ಕೂತಿದೆ ಎಂದು ಕರೆದಳು. ಇಂಥ ಹೊತ್ತಿನಲ್ಲಿ ನನ್ನ ಕೆಲಸ ಬಿಳಿ ಥರ್ಮಾಕೋಲ್ ತುಂಡು ಹಿಡಿದು ಬೆಳಕನ್ನು ಹುಳದ ಕಡೆ ತಿರುಗಿಸುವುದು. ದಾರಿಯಲ್ಲಿ ಹೋಗುವವರಿಗೆ ಬಗ್ಗಿ ಕೂತ ಅವಳು ಕಾಣುವುದಿಲ್ಲ, ಗೋಡೆಗೆ ತಟ್ಟೆ ಹಿಡಿದಂತೆ ನಿಂತ ನಾನು ಮಾತ್ರ ಕಾಣುತ್ತೇನೆ. ಆವತ್ತೂ ಪಕ್ಕದ ಮನೆಯವರು ಸ್ಕೂಟರ್ ನಿಧಾನ ಮಾಡಿ ನೋಡಿ ಹೋದರು. ಕೈ ಅಲ್ಲಾಡಿಸಬೇಡಿ ಎಂದು ಅವಳು ಗದರಿದಳು. ಆರು ಗೂಡಿನ ಹಲಗೆ ಇನ್ನು ಮಳೆ ಮುಗಿದ ಮೇಲೆಯೇ ಎಂದು ನಾನೂ ಗದರಿದೆ.

ಸೋಮವಾರ ಹತ್ತೂವರೆಗೆ ಅವಳು ಲ್ಯಾಬಿನಲ್ಲಿ ಕುರ್ಚಿಯಿಂದ ಕೆಳಗೆ ಬಿದ್ದಳು. ತಲೆಯ ಒಳಗೆ ರಕ್ತನಾಳ ಒಡೆದಿತ್ತು. ಮಂಗಳೂರಿಗೆ ಕೊಂಡುಹೋದೆವು. ಮೂರು ದಿನ ಇದ್ದಳು, ಮಾತಾಡಲಿಲ್ಲ.

ಬಂದವರೆಲ್ಲ ಹೋದ ಮೇಲೆ, ಜೂನ್ ತಿಂಗಳಲ್ಲಿ, ನಾನು ಶೆಡ್ಡಿಗೆ ಹೋಗಿ ಐದರ ಹಲಗೆಗಳನ್ನು ಮೇಜಿನ ಮೇಲೆ ಹಾಕಿಕೊಂಡೆ. ಇನ್ನು ಸಂಖ್ಯೆ ಬದಲಾಗುವುದಿಲ್ಲ ಎಂಬುದು ಗೊತ್ತಿತ್ತು. ಒಂಬತ್ತು ದಿನ ಹಿಡಿಯಿತು. ನನ್ನ ಜೀವಮಾನದಲ್ಲಿ ಅಷ್ಟು ಜಾಗ್ರತೆಯಿಂದ ಮಾಡಿದ ಕೆಲಸ ಬೇರೆ ಇಲ್ಲ. ಮುಚ್ಚಳ ಎಷ್ಟು ಸರಿಯಾಗಿ ಕೂತಿತ್ತೆಂದರೆ, ಒತ್ತಿದರೆ ಒಳಗಿನ ಗಾಳಿ ಉಸಿರು ಬಿಟ್ಟಂತೆ ಹೊರಗೆ ಬರುತ್ತಿತ್ತು. ಲೆನ್ಸ್‌ಗಳನ್ನು ಹಪ್ಪಳದ ಡಬ್ಬದಿಂದ ತೆಗೆದು ಒಂದೊಂದಾಗಿ ನೀಲಿ ವೆಲ್ವೆಟ್ಟಿನ ಗೂಡಿಗೆ ಇಳಿಸಿದೆ. ಒನಕೆ ಮಲಗಿತು, ಉಳಿದವು ಕೂತವು. ಚಪ್ಪಲಿ ಅಂಗಡಿಯ ಪೊಟ್ಟಣಗಳನ್ನು ಕಸಕ್ಕೆ ಹಾಕಿದೆ. ಪೆಟ್ಟಿಗೆಯನ್ನು ಅವಳ ಕಪಾಟಿನಲ್ಲಿ ಸೀರೆಗಳ ಕೆಳಗೆ ಇಟ್ಟು ಬಾಗಿಲು ಮುಚ್ಚಿದೆ. ಆಮೇಲೆ ಮಳೆಗಾಲ ಪೂರ್ತಿ ಆ ಬಾಗಿಲು ತೆರೆಯಲು ನನ್ನಿಂದ ಆಗಲಿಲ್ಲ.

ಚೌತಿಯ ಹೊತ್ತಿಗೆ ಮಳೆ ಸ್ವಲ್ಪ ಬಿಟ್ಟಿತು. ಸೀರೆಗಳಿಗೆ ಬಿಸಿಲು ತೋರಿಸಬೇಕೆಂದು ಕಪಾಟು ತೆರೆದು ಪೆಟ್ಟಿಗೆಯನ್ನೂ ಹೊರಗಿಟ್ಟೆ. ಮುಚ್ಚಳ ತೆಗೆದಾಗ ವಾಸನೆ ಮೊದಲು ಬಂತು, ಹಳೆಯ ಪುಸ್ತಕದ ವಾಸನೆ. ವೆಲ್ವೆಟ್ ಮೇಲೆ ಬಿಳಿ ಹುಡಿ ಇತ್ತು. ಮ್ಯಾಕ್ರೋವನ್ನು ಬಿಸಿಲಿಗೆ ಹಿಡಿದರೆ ಗಾಜಿನ ಒಳಗೆ ಜೇಡನ ಬಲೆಯಂತೆ ಸಪೂರ ಎಳೆಗಳು. ಐದೂ ಹಾಗೇ. ಅಂಗಿಯ ತುದಿಯಿಂದ ಒರೆಸಿದೆ. ಎಳೆಗಳು ಒಳಗಿದ್ದವು, ಹೋಗಲಿಲ್ಲ.

ಕಾಸರಗೋಡು ಪೇಟೆಯಲ್ಲಿ ಕ್ಯಾಮರಾ ರಿಪೇರಿ ಮಾಡುವ ಒಬ್ಬರು ಬ್ಯಾರಿ ಹಿರಿಯರಿದ್ದಾರೆ. ಹಿಂದೆ ಗಲ್ಫಿನಲ್ಲಿ ಅದೇ ಕೆಲಸ ಮಾಡುತ್ತಿದ್ದರು. ಈಗ ಕ್ಯಾಮರಾ ತರುವವರು ಕಡಿಮೆಯಾಗಿ, ಒಂದು ಮಾಳಿಗೆಯ ಮೇಲಿನ ಕೋಣೆಯಲ್ಲಿ ಕೂತು ವಾಚು, ಮೊಬೈಲು ಬಿಚ್ಚುತ್ತಾರೆ. ನನ್ನ ಹೆಂಡತಿ ಅವರನ್ನು ಕಾಕ ಎಂದು ಕರೆಯುತ್ತಿದ್ದಳು. ನಾನು ಅವರನ್ನು ನೋಡಿದ್ದು ಅದೇ ಮೊದಲು. ಯಾರೆಂದು ಹೇಳಿದ ಮೇಲೆ ಅವರು ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಸುದ್ದಿ ತಡವಾಗಿ ತಿಳಿಯಿತು, ಬರಲು ಆಗಲಿಲ್ಲ ಎಂದರು. ನಾನು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟೆ.

ಅವರು ಮೊದಲು ಲೆನ್ಸ್ ನೋಡಲಿಲ್ಲ. ಪೆಟ್ಟಿಗೆಯ ಮೂಲೆಗಳನ್ನು ಬೆರಳಿನಲ್ಲಿ ತಡವಿ, ಮುಚ್ಚಳ ಎರಡು ಸಲ ಮುಚ್ಚಿ ತೆಗೆದು ನೋಡಿದರು.

"ಕಡೆಗೂ ಮುಗಿಸಿದ್ರಾ ಆಚಾರ್ರೆ," ಎಂದರು.

ಪೆಟ್ಟಿಗೆಯ ವಿಷಯ ನಿಮಗೆ ಹೇಗೆ ಗೊತ್ತು ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಬಟ್ಟೆಯಲ್ಲಿ ಒರೆಸಿದರು. ಹೇಳಬೇಕೋ ಬೇಡವೋ ಎಂದು ಯೋಚಿಸುತ್ತಿದ್ದಂತೆ ಕಂಡಿತು. ನಮ್ಮ ಕಡೆಯ ಹವೆಯಲ್ಲಿ ಮರವೂ ವೆಲ್ವೆಟ್ಟೂ ನೀರು ಕುಡಿಯುತ್ತವೆ, ಅದರ ಒಳಗೆ ಕತ್ತಲೆಯಲ್ಲಿ ಗಾಜು ಇಟ್ಟರೆ ಬೂಸ್ಟು ಬರದೆ ಇರುವುದಿಲ್ಲ, ಎರಡು ವರ್ಷದ ಹಿಂದೆಯೇ ಅವಳಿಗೆ ಅದನ್ನು ಹೇಳಿದ್ದೆ ಎಂದರು. ಹಪ್ಪಳದ ಡಬ್ಬ ಒಳ್ಳೆಯದು ಎಂದು ಹೇಳಿಕೊಟ್ಟದ್ದೂ ಅವರೇ.

"ನಾನು ಹೇಳಿದೆ, ಮರದ ಪೆಟ್ಟಿಗೆ ಬೇಡ ಅಂತ ಆಚಾರ್ರಿಗೆ ಹೇಳಿಬಿಡು ತಂಗಿ ಅಂತ. ಅವಳು ನಗಾಡಿದಳು. 'ಹಲಗೆ ಹಿಡ್ಕೊಂಡು ನಿಂತ ಅವರ ಮುಖ ನೀವು ನೋಡಲಿಲ್ಲ ಕಾಕ. ಬೇಡ ಅಂತ ಹೇಳ್ಲಿಕ್ಕೆ ನನ್ನಿಂದ ಆಗುದಿಲ್ಲ. ನಾನು ಗೂಡು ಜಾಸ್ತಿ ಮಾಡ್ತಾ ಹೋಗ್ತೇನೆ, ಅವರು ಕೊಯ್ತಾ ಇರ್ಲಿ' ಅಂದಳು."

ಹೇಳಿ ಅವರೂ ಸ್ವಲ್ಪ ನಕ್ಕರು. ನನಗೂ ನಗು ಬಂತು. ನಡುವೆ ಅದು ನಗುವಾಗಿ ಉಳಿಯಲಿಲ್ಲ. ಅವರು ಕೆಳಗಿನ ಹೋಟೆಲಿನಿಂದ ಚಹಾ ತರಿಸಿದರು.

ಎರಡು ವರ್ಷ ನನ್ನನ್ನು ಹಾಗೆ ಕುಣಿಸಿದ್ದಾಳೆ ಎಂದು ಯೋಚಿಸುತ್ತ ಕೂತೆ. ಆಮೇಲೆ ಇನ್ನೊಂದು ಸಂಶಯ ಬಂತು. ನಾಲ್ಕನೆಯದನ್ನೂ ಐದನೆಯದನ್ನೂ ಅವಳು ನಿಜವಾಗಿ ಬೇಕೆಂದು ತೆಗೆದುಕೊಂಡಳೋ, ಪೆಟ್ಟಿಗೆ ಮುಗಿಯಬಾರದೆಂದು ತೆಗೆದುಕೊಂಡಳೋ. ಅದನ್ನೇ ಕಾಕನ ಹತ್ತಿರ ಕೇಳಿದೆ.

"ಅದು ನನಗೆ ಗೊತ್ತಿಲ್ಲ. ಆದರೆ ಐದನೆಯದು ಸಿಕ್ಕಿದ ದಿನ ಭಾರೀ ಖುಷಿಯಲ್ಲಿದ್ದಳು," ಎಂದರು.

ಹದಿನೈದು ದಿನ ಬಿಟ್ಟು ಬರಲು ಹೇಳಿದರು. ಆ ದಿನಗಳಲ್ಲಿ ನಾನು ಹೊಸ ಕೆಲಸ ಯಾವುದನ್ನೂ ಹಿಡಿಯಲಿಲ್ಲ. ಐದರಲ್ಲಿ ಎಷ್ಟು ಉಳಿಯುತ್ತವೆ ಎಂಬುದೊಂದೇ ತಲೆಯಲ್ಲಿತ್ತು. ಚೌತಿ ಕಳೆದ ಮೇಲೆ ಅವಳ ಬಟ್ಟೆಗಳನ್ನು ನನ್ನ ಅಕ್ಕ ಬಂದು ಕೊಂಡುಹೋಗಿ ಬೇಕಾದವರಿಗೆ ಕೊಟ್ಟಿದ್ದಳು. ಅವಳದೆಂದು ಉಳಿದದ್ದು ಕ್ಯಾಮರಾ ಮತ್ತು ಈ ಲೆನ್ಸ್‌ಗಳು, ಲೆನ್ಸ್‌ಗಳನ್ನೂ ನಾನೇ ಹಾಳು ಮಾಡಿದ್ದೆ. ಅದೂ ಬೇಕಾಬಿಟ್ಟಿ ಕೆಲಸದಿಂದ ಅಲ್ಲ. ಮುಚ್ಚಳ ಒಂದು ನೂಲು ಸಡಿಲವಾಗಿದ್ದರೆ ಗಾಳಿಯಾದರೂ ಆಡುತ್ತಿತ್ತು ಎಂದು ಕಾಕ ಹೇಳಿದ್ದರು. ಕೆಟ್ಟ ಆಚಾರಿಯ ಕೈಯಲ್ಲಿ ಅವು ಬದುಕುತ್ತಿದ್ದವೋ ಏನೋ.

ಹೋದಾಗ ಮೇಜಿನ ಮೇಲೆ ಲೆನ್ಸ್‌ಗಳನ್ನು ಎರಡು ಗುಂಪು ಮಾಡಿ ಇಟ್ಟಿದ್ದರು. ಮೂರು ಆಚೆ, ಎರಡು ಈಚೆ. ಕ್ಯಾಮರಾದ ಜೊತೆ ಬಂದದ್ದು, ಒನಕೆ, ಮತ್ತು ಮುಖದ್ದು ಉಳಿದಿದ್ದವು. ಅಗಲದ್ದರಲ್ಲೂ ಮ್ಯಾಕ್ರೋದಲ್ಲೂ ಬೂಸ್ಟು ಗಾಜನ್ನೇ ತಿಂದಿತ್ತು. ಒರೆಸಿದರೂ ಗುರುತು ಹೋಗಲಿಲ್ಲವಂತೆ. ಮೂರು ಉಳಿದದ್ದೇ ದೊಡ್ಡದು ಎಂದರು.

ಮೂರು. ಎರಡು ವರ್ಷ ನಾನು ವಾದ ಮಾಡಿದ ಸಂಖ್ಯೆ ಅದೇ. ಬಸ್ಸಿನಲ್ಲಿ ಬರುವಾಗ ನಾನು ಅದನ್ನು ಅವಳಿಗೆ ಹೇಳಿದರೆ ಅವಳು ಏನನ್ನುತ್ತಿದ್ದಳು ಎಂದು ಯೋಚಿಸಿದೆ. ಗೆದ್ದಿರಲ್ಲ, ಇನ್ನು ಸಮಾಧಾನವಾ ಎಂದು ಕೇಳುತ್ತಿದ್ದಳು. ಆಮೇಲೆ, ಹತ್ತಿರದ್ದೇ ಹೋದ ಮೇಲೆ ನಿಮ್ಮ ಲೆಕ್ಕ ಹೇಗೆ ಸರಿಯಾಯಿತು ಎಂದೂ ಕೇಳುತ್ತಿದ್ದಳು.

ಪೆಟ್ಟಿಗೆಯನ್ನು ಕಾಕ ಕೇಳಿ ಇಟ್ಟುಕೊಂಡರು. ಅವರ ಸಣ್ಣ ಸ್ಕ್ರೂಡ್ರೈವರುಗಳಿಗೆ ಐದು ಗೂಡು ಸರಿಯಾಗುತ್ತದಂತೆ, ಕಬ್ಬಿಣಕ್ಕೆ ಬೇಕಾದರೆ ಎಣ್ಣೆ ಹಚ್ಚಬಹುದಂತೆ. ಲೆನ್ಸ್‌ಗಳು ಪುನಃ ಡಬ್ಬಕ್ಕೆ ಹೋದವು. ಚಪ್ಪಲಿ ಅಂಗಡಿಗೆ ಹೋಗಿ ಪೊಟ್ಟಣ ಕೇಳಿದೆ. ಅವರಿಗೆ ನನ್ನ ಗುರುತಿರಲಿಲ್ಲ. ಇಂಥವರು ಬರುತ್ತಿದ್ದರಲ್ಲ ಎಂದಾಗ, ಅಕ್ಕನ ಮನೆಯವರಾ ಎಂದು ಒಂದು ಹಿಡಿ ಹೆಚ್ಚೇ ಕೊಟ್ಟರು. ಭಾನುವಾರ ಬೆಳಿಗ್ಗೆ ಡಬ್ಬ ತೆರೆದು, ಮೂರನ್ನೂ ಕಾಲು ಗಂಟೆ ಎಳೆ ಬಿಸಿಲಿಗೆ ಇಟ್ಟು, ಕಾಕ ಕೊಟ್ಟ ಬಟ್ಟೆಯಲ್ಲಿ ಒರೆಸಿ, ಮುಚ್ಚಿಡುತ್ತೇನೆ.

ಮೂರು ಲೆನ್ಸ್‌ಗಳೂ ಈಗ ಚೊಕ್ಕವಾಗಿವೆ. ನಾಲ್ಕನೆಯದು ಬೇಕು ಎನ್ನುವವಳು ಇಲ್ಲ.